ಹೊಣೆಗಾರಿಕೆ ವಿಮೆ: ಗ್ರಾಮ ಪಂಚಾಯಿತಿಗಳು ಅರಿಯಬೇಕಾದ ಅಂಶಗಳು

ದೆಹಲಿಯ ಚಾಂದನಿ ಚೌಕದಲ್ಲಿದ್ದ ಗಡಿಯಾರ ಗೋಪುರವು 1951ರಲ್ಲಿ ಕುಸಿದು ಸಾವುಗಳು ಸಂಭವಿಸಿದವು. ಗೋಪುರವು ಸ್ಥಳೀಯ ಸಂಸ್ಥೆಯ ಸ್ವತ್ತಾಗಿತ್ತು. ಅದನ್ನು ಕಟ್ಟಿ ಸುಮಾರು 80 ವರ್ಷಗಳಾಗಿದ್ದವು. ಬಳಸಿದ ಗಾರೆಯ ಬಾಳಿಕೆ 40ರಿಂದ 45 ವರ್ಷ ಮಾತ್ರ. ದೋಷವು ಹೊರಗೆ ಕಾಣುತ್ತಿರಲಿಲ್ಲವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಒಪ್ಪದೆ, ರಸ್ತೆಬದಿಯ ಕಟ್ಟಡವನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಮಾಲೀಕರ ಕರ್ತವ್ಯವೆಂದು ಹೇಳಿ ಪರಿಹಾರದ ಹೊಣೆಯನ್ನು ಸಂಸ್ಥೆಯ ಮೇಲೆಯೇ ಹೊರಿಸಿತು. ಶಾಲೆಯ ಪಕ್ಕದಲ್ಲಿ ಹಳೆಯ ಓವರ್‌ಹೆಡ್ ಟ್ಯಾಂಕ್ ಇರುವ ಪ್ರತಿಯೊಂದು ಪಂಚಾಯಿತಿಗೂ ಈ ತೀರ್ಪು ಅನ್ವಯಿಸುತ್ತದೆ.

ಇಂತಹ ಹೊಣೆಯನ್ನು ಪಾಲಿಸಿಯಲ್ಲಿ ನಮೂದಾದ ಮಿತಿಯವರೆಗೆ ವಿಮಾ ಕಂಪನಿಗೆ ವಹಿಸುವುದೇ ಹೊಣೆಗಾರಿಕೆ ವಿಮೆ. ಇದನ್ನು ಅಪಘಾತ ವಿಮೆಯೊಂದಿಗೆ ಬೆರೆಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ನೀರಗಂಟಿಯ ಹೆಸರಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದ್ದರೆ ಸಾಕೆಂದು ಭಾವಿಸಲಾಗುತ್ತದೆ. ಆ ಯೋಜನೆಯಲ್ಲಿ ಅಪಘಾತದಿಂದ ಮರಣ ಹೊಂದಿದಲ್ಲಿ ಕುಟುಂಬಕ್ಕೆ ದೊರೆಯುವುದು 2 ಲಕ್ಷ ರೂಪಾಯಿ. ಅದರಿಂದ ಉದ್ಯೋಗದಾತನ ಹೊಣೆ ತೀರುವುದಿಲ್ಲ.

ಲೆಕ್ಕವನ್ನು ನೋಡಬಹುದು. ನೌಕರರ ಪರಿಹಾರ ಅಧಿನಿಯಮ, 1923ರ ಸೂತ್ರದಂತೆ (ಈ ವಿಷಯವು ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಅಡಕವಾಗಿದೆ) ಮರಣ ಪರಿಹಾರವು ಮಾಸಿಕ ವೇತನದ ಶೇ. 50ನ್ನು ವಯಸ್ಸಿನ ಗುಣಕದಿಂದ ಗುಣಿಸಿದ ಮೊತ್ತ. ವ್ಯಾಪ್ತಿಗೆ ಒಳಪಡುವ, 15,000 ರೂಪಾಯಿ ವೇತನದ, 35 ವರ್ಷದ ನೌಕರನು ಪಂಪ್‌ಹೌಸ್‌ನಲ್ಲಿ ವಿದ್ಯುತ್ ಸ್ಪರ್ಶದಿಂದ ಮೃತಪಟ್ಟರೆ ಗುಣಕ 197.06, ಪರಿಹಾರ 14,77,950 ರೂಪಾಯಿ. ಸಣ್ಣ ಪಂಚಾಯಿತಿಯೊಂದರ ಕರ ವಸೂಲಿಗೆ ಹೋಲಿಸಿದರೆ ಇದರ ಭಾರ ಅರಿವಾಗುತ್ತದೆ. ಒಂದು ತಿಂಗಳೊಳಗೆ ಪಾವತಿಸದಿದ್ದಲ್ಲಿ ಶೇ. 12 ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಪರಿಹಾರದ ಶೇ. 50ರವರೆಗೆ ದಂಡವನ್ನೂ ವಿಧಿಸಬಹುದು. ಆ ದಂಡ ವಿಮಾ ಕಂಪನಿಯ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರ ವೇದ್ ಪ್ರಕಾಶ್ ಗರ್ಗ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಕಡತ ಮೇಜಿನ ಮೇಲೆ ಉಳಿದದ್ದರ ಬೆಲೆಯನ್ನು ಪಂಚಾಯಿತಿಯೇ ತೆರಬೇಕು.

ಗುತ್ತಿಗೆದಾರರ ಕೂಲಿಕಾರರ ವಿಷಯದಲ್ಲಿಯೂ ಕೆಲಸ ಕೊಟ್ಟ ಸಂಸ್ಥೆಯಿಂದ ಪರಿಹಾರ ಕೇಳಲು ಅವಕಾಶವಿದೆ. ಆ ಮೊತ್ತವನ್ನು ಗುತ್ತಿಗೆದಾರರಿಂದ ವಸೂಲು ಮಾಡುವ ಹಕ್ಕು ಸಂಸ್ಥೆಗಿದೆ. ಆದುದರಿಂದ ಕಾರ್ಯಾದೇಶ ನೀಡುವ ಮೊದಲು ಗುತ್ತಿಗೆದಾರರ ಪಾಲಿಸಿಯ ಪ್ರತಿಯನ್ನು ಪಡೆದು, ಅದರ ಅವಧಿ ಕಾಮಗಾರಿಯ ಅವಧಿಯನ್ನು ಒಳಗೊಂಡಿದೆಯೇ ಎಂದು ನೋಡತಕ್ಕದ್ದು.

ಸ್ವಚ್ಛ ವಾಹಿನಿಗೆ ಸಂಬಂಧಿಸಿದಂತೆ, ಸರ್ಕಾರದ ಹಣದ ವಾಹನಕ್ಕೆ ವಿಮೆ ಬೇಡವೆಂಬ ನಂಬಿಕೆ ಸರಿಯಲ್ಲ. ಮೋಟಾರು ವಾಹನ ಅಧಿನಿಯಮ, 1988ರ 146ನೇ ಪ್ರಕರಣದಂತೆ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಸ್ಥಳೀಯ ಪ್ರಾಧಿಕಾರದ ವಾಹನಕ್ಕೆ ಸರ್ಕಾರವು ಆದೇಶದ ಮೂಲಕ ವಿನಾಯಿತಿ ನೀಡಬಹುದಾದರೂ, ಪರಿಹಾರಕ್ಕೆಂದೇ ನಿಧಿ ಸ್ಥಾಪಿಸಿರಬೇಕು. ಚಾಲಕಿಯ ಪರವಾನಗಿಯ ಅವಧಿ ಮುಗಿದಿದ್ದು, ಅದರಲ್ಲಿ ಮಾಲೀಕರ ನಿರ್ಲಕ್ಷ್ಯ ರುಜುವಾತಾದಲ್ಲಿ, ಕಂಪನಿಯು ಸಂತ್ರಸ್ತರಿಗೆ ಕೊಟ್ಟ ಹಣವನ್ನು ಪಂಚಾಯಿತಿಯಿಂದ ವಸೂಲು ಮಾಡುವಂತೆ ಆದೇಶವಾಗಬಹುದು. ಕಸ ತುಂಬುವ ಸಹಾಯಕಿಯರು ಪಾಲಿಸಿಯ ವ್ಯಾಪ್ತಿಯಲ್ಲಿದ್ದಾರೆಯೇ ಎಂಬುದನ್ನು ಕಂತು ಕಟ್ಟುವಾಗಲೇ ಲಿಖಿತವಾಗಿ ಕೇಳತಕ್ಕದ್ದು.

ಸದ್ಭಾವನೆಯಿಂದ ಮಾಡಿದ ಕಾರ್ಯಕ್ಕೆ ಅಧಿಕಾರಿ, ಸಿಬ್ಬಂದಿಗೆ ಕಾನೂನಿನ ರಕ್ಷಣೆಯಿದೆ. ಬಿರುಕಿನ ಬಗ್ಗೆ ದೂರು ಬಂದು, ಸ್ವೀಕೃತಿ ಮುದ್ರೆ ಬಿದ್ದು, ಪರಿಶೀಲನೆಯೇ ನಡೆಯದಿದ್ದಾಗ ಆ ರಕ್ಷಣೆಯನ್ನು ಕೋರುವುದು ಕಷ್ಟ.