ತಲೆಬರಹ ನಂಬಿ ತೀರ್ಪು ಕೊಡಬೇಡಿ

ಓದುವ ವಯಸ್ಸಿನ ಗೆಳೆಯರೇ, ಉಗ್ರ ಎಡಪಂಥದ ವಿಚಾರಗಳನ್ನು ನೀವು ಒಪ್ಪಲೇಬೇಕೆಂದು ನಾನು ಹೇಳುವುದಿಲ್ಲ. ಒಪ್ಪುವುದು, ಬಿಡುವುದು, ಎದುರಿಸಿ ನಿಲ್ಲುವುದು ನಿಮಗೆ ಬಿಟ್ಟದ್ದು. ಆದರೆ ಆ ವಿಚಾರಗಳನ್ನು ಕಂಡರಾಗದ ಪತ್ರಿಕೆಯ ತಲೆಬರಹವೊಂದನ್ನೇ ಓದಿ ಅವುಗಳ ಬಗ್ಗೆ ತೀರ್ಪು ಕೊಡಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನೂರು ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿ ನಡೆದದ್ದನ್ನು ಕೇಳಿ.

1924ರ ಅಕ್ಟೋಬರ್ 25, ಶನಿವಾರ. ಮಹಾಚುನಾವಣೆಗೆ ಉಳಿದಿದ್ದದ್ದು ನಾಲ್ಕೇ ದಿನ. ಅಧಿಕಾರದಲ್ಲಿದ್ದದ್ದು ರಾಮ್ಸೆ ಮ್ಯಾಕ್‌ಡೊನಾಲ್ಡರ ಸರ್ಕಾರ, ಆ ದೇಶ ಕಂಡ ಮೊದಲ ಲೇಬರ್ ಸರ್ಕಾರ. ಅಂದು ಬೆಳಿಗ್ಗೆ ‘ಡೈಲಿ ಮೇಲ್’ ಪತ್ರಿಕೆ, ಸಮಾಜವಾದಿಗಳ ಯಜಮಾನರು ಅಂತರ್ಯುದ್ಧಕ್ಕೆ ಸಂಚು ಹೂಡಿದ್ದಾರೆ ಎಂದು ದಪ್ಪಕ್ಷರಗಳಲ್ಲಿ ಸಾರಿತು. ಆಧಾರವೆಂದು ತೋರಿಸಿದ್ದು ಒಂದು ಪತ್ರ. ಮಾಸ್ಕೋದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಅಧ್ಯಕ್ಷ ಗ್ರಿಗೊರಿ ಝಿನೊವಿಯೆವ್ ಬ್ರಿಟಿಷ್ ಕಮ್ಯುನಿಸ್ಟರಿಗೆ ಬರೆದದ್ದೆನ್ನಲಾದ ಪತ್ರವದು. ಸೈನ್ಯದೊಳಗೆ ಕ್ರಾಂತಿಯ ಬೀಜ ಬಿತ್ತಿ ಎಂಬ ಆದೇಶ ಅದರಲ್ಲಿತ್ತು. ಸರ್ಕಾರದ ವಿದೇಶಾಂಗ ಕಚೇರಿಯೇ ಅದನ್ನು ನಿಜವೆಂದೆಣಿಸಿ ಹಿಂದಿನ ದಿನ ಸೋವಿಯತ್ ಪ್ರತಿನಿಧಿಗೆ ಪ್ರತಿಭಟನೆ ಸಲ್ಲಿಸಿತ್ತು. ಹೀಗಿರುವಾಗ ಜನಸಾಮಾನ್ಯರು ನಂಬದೆ ಏನು ಮಾಡಿಯಾರು?

ಎರಡು ದಿನದಲ್ಲಿ ಝಿನೊವಿಯೆವ್ ಉತ್ತರ ಕೊಟ್ಟರು. ಪತ್ರದ ತಲೆಯಲ್ಲಿ ‘ಮೂರನೇ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್’ ಎಂದಿದೆ, ನಮ್ಮ ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ‘ಮೂರನೇ’ ಎಂಬುದೇ ಇಲ್ಲ ಎಂದರು. ಪತ್ರದ ಮೇಲಿರುವ ಸೆಪ್ಟೆಂಬರ್ 15ರಂದು ತಾವು ವಿಶ್ರಾಂತಿಗೆಂದು ಕಿಸ್ಲೊವೊಡ್‌ಸ್ಕ್‌ನಲ್ಲಿದ್ದುದಾಗಿ ಹೇಳಿದರು. ಇವೆಲ್ಲ ವಿಚಾರಿಸಿದರೆ ತಿಳಿಯುವ ಸಂಗತಿಗಳೇ. ಆದರೆ ಮತದಾನ ಎದುರಿಗಿತ್ತು, ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. 1999ರಲ್ಲಿ ವಿದೇಶಾಂಗ ಕಚೇರಿಯ ಇತಿಹಾಸಕಾರ್ತಿ ಗಿಲ್ ಬೆನೆಟ್ ಕಡತಗಳನ್ನೆಲ್ಲ ಶೋಧಿಸಿ ವರದಿ ಕೊಟ್ಟರು. ಪತ್ರ ನಕಲಿ ಎಂಬುದು ಬಹುಮಟ್ಟಿಗೆ ಖಚಿತವಾಯಿತು. ಅಷ್ಟು ಹೊತ್ತಿಗೆ ಎಪ್ಪತ್ತೈದು ವರ್ಷ ಕಳೆದಿತ್ತು.

ನೀವು ಮುಖ್ಯವಾಗಿ ಗಮನಿಸಬೇಕಾದದ್ದು ‘ಸಮಾಜವಾದಿಗಳ ಯಜಮಾನರು’ ಎಂಬ ಮಾತನ್ನು. ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ಗೆ ಲೋಕವ್ಯಾಪಿ ಕ್ರಾಂತಿ ಬೇಕಿತ್ತು, ಅದನ್ನು ಅದು ಎಂದೂ ಮುಚ್ಚಿಟ್ಟಿರಲಿಲ್ಲ. ಅದನ್ನು ವಿರೋಧಿಸುವ ಹಕ್ಕು ಪತ್ರಿಕೆಗೆ ಖಂಡಿತ ಇತ್ತು. ಆದರೆ ಲೇಬರ್ ಪಕ್ಷಕ್ಕೂ ಆ ಕ್ರಾಂತಿಗೂ ಏನು ನಂಟು? ಅದೇ ತಿಂಗಳ ಆರಂಭದ ಸಮ್ಮೇಳನದಲ್ಲಿ ಲೇಬರ್ ಪಕ್ಷ ಕಮ್ಯುನಿಸ್ಟರನ್ನು ಸೇರಿಸಿಕೊಳ್ಳಲು ಒಪ್ಪದೆ, ಅವರು ತನ್ನ ಅಭ್ಯರ್ಥಿಗಳಾಗಕೂಡದೆಂದು ಭಾರಿ ಬಹುಮತದಿಂದ ತೀರ್ಮಾನಿಸಿತ್ತು. ಯಾರನ್ನು ಹೊರಗಿಟ್ಟರೋ ಅವರನ್ನೇ ಇವರ ಯಜಮಾನರೆಂದು ಪತ್ರಿಕೆ ಕೂಗಿತು. ಸೋವಿಯತ್ ರಷ್ಯಾಕ್ಕೆ ಸಾಲ ಕೊಡುವ ಒಪ್ಪಂದ ಸರಿಯೇ, ತಪ್ಪೇ ಎಂಬುದು ಆ ಚುನಾವಣೆಯಲ್ಲಿ ಚರ್ಚೆಯಾಗಬೇಕಾಗಿದ್ದ ನಿಜವಾದ ಪ್ರಶ್ನೆ. ಅದು ಭಯದ ಗದ್ದಲದಲ್ಲಿ ಮುಳುಗಿತು.

ಹಾಗೆಂದು ಪತ್ರಿಕೆಯ ಶಕ್ತಿಯನ್ನು ಇಲ್ಲದಷ್ಟು ದೊಡ್ಡದು ಮಾಡಬೇಡಿ. ಲೇಬರ್ ಸ್ಥಾನಗಳು 191ರಿಂದ 151ಕ್ಕೆ ಇಳಿದವು, ನಿಜ. ಆದರೆ ಅದರ ಮತಗಳು ಸುಮಾರು 10 ಲಕ್ಷ ಹೆಚ್ಚಾದವು. ನೆಲ ಕಚ್ಚಿದ್ದು ಲಿಬರಲ್ ಪಕ್ಷ. 158ರಿಂದ 40ಕ್ಕೆ ಬಂತು. ಒಂದು ಪತ್ರವೇ ಸರ್ಕಾರವನ್ನು ಉರುಳಿಸಿತು ಎಂಬ ಕಥೆಯನ್ನೂ ಲೆಕ್ಕ ನೋಡಿಯೇ ನಂಬಿ.

ಇನ್ನೊಂದು ಮಾತು, ಇದು ಎಡಕ್ಕೆ ವಾಲಿದವರಿಗೆ. ಅದೇ ಝಿನೊವಿಯೆವ್‌ರನ್ನು 1936ರಲ್ಲಿ ಸ್ಟಾಲಿನ್ ಸರ್ಕಾರ ದ್ರೋಹಿ ಎಂದು ವಿಚಾರಣೆಗೆ ನಿಲ್ಲಿಸಿ ಗುಂಡಿಕ್ಕಿ ಕೊಂದಿತು. ಬ್ರಿಟಿಷ್ ಕಮ್ಯುನಿಸ್ಟರ ‘ಡೈಲಿ ವರ್ಕರ್’ ಆ ವಿಚಾರಣೆಯನ್ನು ಬೆಂಬಲಿಸಿತು. ಆರೋಪಗಳು ಕಟ್ಟುಕಥೆ ಎಂಬುದನ್ನು ಮುಂದೆ ಸೋವಿಯತ್ ಒಕ್ಕೂಟವೇ ಒಪ್ಪಿಕೊಂಡಿತು. ಸಂಪ್ರದಾಯವಾದಿ ಪತ್ರಿಕೆಯ ಸುಳ್ಳಿನಿಂದ ನೊಂದವರು ತಮ್ಮ ಪತ್ರಿಕೆಯ ಸುಳ್ಳನ್ನು ಕಣ್ಣಿಗೊತ್ತಿಕೊಂಡರೆ ಅದು ನ್ಯಾಯವಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅಚ್ಚಾದದ್ದಕ್ಕಂತೂ ಅದು ಇನ್ನೂ ಹೆಚ್ಚು ಸಲ್ಲುತ್ತದೆ. ಯಾರನ್ನಾದರೂ ದೇಶಕ್ಕೆ ಅಪಾಯ ಎಂದು ಬರೆದಿದ್ದರೆ, ಅವರ ಪ್ರಣಾಳಿಕೆಯನ್ನೇ ಹುಡುಕಿ ಓದಿ. ಒಬ್ಬನ ಮಾತನ್ನು ಇನ್ನೊಬ್ಬನ ತಲೆಗೆ ಕಟ್ಟಿದ್ದಾರೆಯೇ ಎಂದು ನೋಡಿ. ಮೂಲ ಕಾಗದ ಎಲ್ಲಿದೆ, ಅದನ್ನು ಪರೀಕ್ಷಿಸಿದವರು ಯಾರು ಎಂದು ಕೇಳಿ. ಚುನಾವಣೆಯ ಹೊಸ್ತಿಲಲ್ಲಿ ದಿಢೀರನೆ ಹೊರಬಿದ್ದ ಸುದ್ದಿಯನ್ನಂತೂ ಎರಡು ಪಟ್ಟು ಎಚ್ಚರದಿಂದ ಓದಿ. ಇಷ್ಟು ಮಾಡಿದ ಮೇಲೂ ಆ ವಿಚಾರ ಕೆಟ್ಟದ್ದೆಂದು ಕಂಡರೆ ಧೈರ್ಯವಾಗಿ ವಿರೋಧಿಸಿ. ಆಗ ಆ ವಿರೋಧ ನಿಮ್ಮದೇ ಆಗಿರುತ್ತದೆ, ಪತ್ರಿಕೆಯ ಮಾಲೀಕನಿಂದ ಎರವಲು ತಂದದ್ದಾಗಿರುವುದಿಲ್ಲ.