ಸೋತ ಶನಿವಾರದ ಮರುದಿನ

ಮಗೂ, ಭಾನುವಾರ ಬೆಳಗ್ಗೆ ಎಂಟೂವರೆಗೆ ನಿನ್ನ ಫೋನ್ ಬಂತೆಂದರೆ ಮೈಸೂರಿನ ಅಡುಗೆಮನೆಯಲ್ಲಿ ನಿಂತೇ ನನಗೆ ಗೊತ್ತಾಗಿಬಿಡುತ್ತದೆ, ಅಮೆರಿಕದ ಲಿಂಕನ್ನಿನಲ್ಲಿ ನಿಮ್ಮ ಕಾಲೇಜಿನ ಫುಟ್‌ಬಾಲ್ ಟೀಮು ಸೋತಿದೆ ಅಂತ. ಗೆದ್ದ ವಾರ ನಿನಗೆ ಅಜ್ಜಿಯ ನೆನಪಿರುವುದಿಲ್ಲ. ಸೋತ ವಾರ "ಅಜ್ಜಿ, ಈ ಕೋಚ್ ಕೈಲಿ ಆಗಲ್ಲ, ಇವರನ್ನ ತೆಗೀಲೇಬೇಕು" ಅಂತ ಶುರು. ಹೋದ ಸಲವಂತೂ ಹಾಸಿಗೆಯ ಬಿಳಿ ಬೆಡ್‌ಶೀಟಿನ ಮೇಲೆ ಕೆಂಪು ಬಣ್ಣದಲ್ಲಿ ಅದನ್ನೇ ಬರೆದು ಸ್ಟೇಡಿಯಮ್ಮಿಗೆ ಒಯ್ಯುತ್ತೇನೆ ಎಂದೆ. ಆ ಬೆಡ್‌ಶೀಟು ನಿಮ್ಮಮ್ಮ ಕೊಡಿಸಿದ್ದು. ಮೊದಲು ಅದನ್ನು ಮಡಿಸಿಡು. ಆಮೇಲೆ ನನ್ನ ಮಾತು ಕೇಳು.

ಇಲ್ಲಿರುವ ನಿನ್ನ ವಾರಿಗೆಯವರೂ ಇದನ್ನು ಓದುತ್ತಾರೆ, ಅವರಿಗಾಗಿ ಒಂದೆರಡು ಮಾತು. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಆಟ. ನೆಬ್ರಾಸ್ಕಾ ರಾಜ್ಯದಲ್ಲಿ ದೊಡ್ಡ ವೃತ್ತಿಪರ ಫುಟ್‌ಬಾಲ್ ಟೀಮು ಒಂದೂ ಇಲ್ಲ. ಇರುವ ಅಭಿಮಾನವೆಲ್ಲ ವಿಶ್ವವಿದ್ಯಾಲಯದ ಟೀಮಿಗೇ. ಲಿಂಕನ್ನಿನ ಸ್ಟೇಡಿಯಮ್ಮಿನಲ್ಲಿ 85 ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಮ್ಯಾಚಿನ ದಿನ ಓಮಹಾ ಮತ್ತು ಲಿಂಕನ್ ಬಿಟ್ಟರೆ ರಾಜ್ಯದಲ್ಲಿ ಅತಿ ಹೆಚ್ಚು ಜನವಿರುವ ಜಾಗ ಅದೇ. 1962ರಿಂದ ಅಲ್ಲಿ ಒಂದು ಮ್ಯಾಚಿಗೂ ಟಿಕೆಟ್ ಉಳಿದಿಲ್ಲ. ಸೋಲಲಿ ಗೆಲ್ಲಲಿ, ಜೋಳದ ಹೊಲದ ರೈತರು ನೂರಾರು ಮೈಲಿ ಗಾಡಿ ಓಡಿಸಿಕೊಂಡು ಬರುತ್ತಾರೆ. ಇಷ್ಟು ಪ್ರೀತಿ ಸುರಿದವರಿಗೆ ಸೋಲು ಹೊಟ್ಟೆಗೆ ಇಳಿಯುವುದಿಲ್ಲ, ನನಗೆ ಗೊತ್ತು. ನನ್ನ ತಕರಾರು ನಿನ್ನ ಪ್ರೀತಿಯ ಮೇಲಲ್ಲ, ನಿನ್ನ ಆತುರದ ಮೇಲೆ.

ನಿಮ್ಮ ತಾತ ಮಣ್ಣಿನ ವಿಜ್ಞಾನ ಓದಲು ಹೋದಾಗ ನಾನೂ ಹೊಸ ಮದುವಣಗಿತ್ತಿಯಾಗಿ ಲಿಂಕನ್ನಿಗೆ ಹೋದೆ. ಅದು 1976. ಆಗ ಕೋಚ್ ಆಗಿದ್ದವರು ಟಾಮ್ ಆಸ್ಬಾರ್ನ್. ಅವರಿಗೂ ಹಿಂದೆ ಇದ್ದ ಬಾಬ್ ಡೆವೇನಿ 1970 ಮತ್ತು 1971ರಲ್ಲಿ ಸಾಲಾಗಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟಿದ್ದರು. ದೊಡ್ಡವರ ಜಾಗಕ್ಕೆ ಬಂದವರ ಪಾಡು ಏನೆಂದು ಯಾವ ಮನೆಯ ಸೊಸೆಯನ್ನು ಕೇಳಿದರೂ ಹೇಳುತ್ತಾಳೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಒಕ್ಲಹೋಮ ಜೊತೆ ಮ್ಯಾಚು, ಹಳೆಯ ಜಿದ್ದು. ನಾವು ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗಿನ ಮನೆಯಾಕೆ ಪಾತ್ರೆ ಒರೆಸುತ್ತ ರೇಡಿಯೋಕ್ಕೆ ಕಿವಿ ಕೊಟ್ಟಿದ್ದರು. ಇನ್ನೊಂದು ನಿಮಿಷವೂ ಉಳಿದಿಲ್ಲ, ನಾವೇ ಮುಂದೆ. ಅಷ್ಟರಲ್ಲಿ ಒಕ್ಲಹೋಮದವರು ಏನೋ ಚಮತ್ಕಾರ ಮಾಡಿ 20–17ಕ್ಕೆ ಗೆದ್ದುಬಿಟ್ಟರು. ಆಕೆ ಕೈಲಿದ್ದ ತಟ್ಟೆಯನ್ನು ಅಷ್ಟೇ ಮೆತ್ತಗೆ ಕಪಾಟಿನಲ್ಲಿಟ್ಟು, ರೇಡಿಯೋ ಆರಿಸಿ, "ಮುಂದಿನ ವರ್ಷ ನೋಡೋಣ" ಎಂದರು. ಅಷ್ಟೇ.

ಮುಂದಿನ ವರ್ಷವೂ ಸೋತರು. ಆಸ್ಬಾರ್ನ್ ಮೊದಲ ಐದು ವರ್ಷ ಸಾಲಾಗಿ ಒಕ್ಲಹೋಮಕ್ಕೆ ಸೋತರು. ಗೊಣಗಾಟ ಇರಲಿಲ್ಲ ಅಂತ ತಿಳಿಯಬೇಡ, ಚೆನ್ನಾಗಿಯೇ ಇತ್ತು. 1978ರಲ್ಲಿ ಕೊನೆಗೂ ಒಕ್ಲಹೋಮವನ್ನು ಸೋಲಿಸಿದ ವರ್ಷವೇ ಪಕ್ಕದ ಕೊಲರಾಡೊದವರು ಅವರನ್ನು ಕರೆದರು. ಹೋಗಿ ನೋಡಿಕೊಂಡೂ ಬಂದರು, ಆದರೆ ಲಿಂಕನ್ನಿನಲ್ಲೇ ಉಳಿದರು. 1984ರ ಜನವರಿಯಲ್ಲಿ ಮಯಾಮಿ ವಿರುದ್ಧದ ಪಂದ್ಯ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಕೊನೆಗಳಿಗೆಯಲ್ಲಿ ಒಂದು ಪಾಯಿಂಟ್ ತೆಗೆದುಕೊಂಡು ಸಮ ಮಾಡಿಕೊಂಡಿದ್ದರೆ ಪಟ್ಟ ಬಹುತೇಕ ಕೈಯಲ್ಲೇ ಇತ್ತು. ಆ ಮನುಷ್ಯ ಗೆಲ್ಲಲೆಂದು ಎರಡು ಪಾಯಿಂಟಿಗೆ ಹೋದರು. 31–30, ಸೋತೆವು. ಆಮೇಲೆ ಏಳು ವರ್ಷ ಸಾಲಾಗಿ, ಚೆನ್ನಾಗಿ ಆಡಿದ ಟೀಮುಗಳನ್ನು ಕರೆದು ಆಡಿಸುವ ಸೀಸನ್ ಕೊನೆಯ ಬೌಲ್ ಪಂದ್ಯಗಳಲ್ಲಿ ಸೋಲು, 1987ರ ಸೀಸನ್‌ನಿಂದ 1993ರದರ ತನಕ. ದೊಡ್ಡ ಮ್ಯಾಚು ಗೆಲ್ಲಲು ಇವರಿಗೆ ಬರುವುದಿಲ್ಲ ಎಂದು ಕ್ಷೌರದಂಗಡಿಯಲ್ಲೂ ಚರ್ಚಿನ ಮೆಟ್ಟಿಲಲ್ಲೂ ಮಾತು. ಮೊದಲ ಪಟ್ಟ ಬಂದದ್ದು 1994ರಲ್ಲಿ, ಅವರ 22ನೇ ಸೀಸನ್ನಿನಲ್ಲಿ. ಮತ್ತೆ 1995, ಮತ್ತೆ 1997. 25 ವರ್ಷದಲ್ಲಿ 255 ಗೆಲುವು, 49 ಸೋಲು, 3 ಸಮ. ಯಾವ ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆದ್ದವರೇ ಅಲ್ಲ.

ಈಗ ಹೇಳು. ಆ ಏಳು ವರ್ಷಗಳಲ್ಲಿ ನೀನಿದ್ದಿದ್ದರೆ ಎಷ್ಟು ಬೆಡ್‌ಶೀಟು ಹಾಳಾಗುತ್ತಿದ್ದವು?

ಆಸ್ಬಾರ್ನ್ ನಿವೃತ್ತರಾದ ಮೇಲೆ ಫ್ರಾಂಕ್ ಸಾಲಿಚ್ ಬಂದರು. ಇದೇ ಟೀಮಿನಲ್ಲಿ ಆಡಿ ಬೆಳೆದವರು, ಆಸ್ಬಾರ್ನ್ ಕೈಕೆಳಗೆ 19 ವರ್ಷ ದುಡಿದವರು. 2001ರ ಸೀಸನ್ನಿನಲ್ಲಿ ರಾಷ್ಟ್ರೀಯ ಫೈನಲ್ಲಿಗೂ ಒಯ್ದರು. ಮಾರನೇ ವರ್ಷ ಜಾರಿ 7–7 ಆಯಿತು. 2003ರಲ್ಲಿ ಚೇತರಿಸಿಕೊಂಡು 9 ಗೆದ್ದು 3 ಸೋತರು. ಕೊಲರಾಡೊವನ್ನು ಸೋಲಿಸಿದ ಮರುದಿನವೇ ಅವರನ್ನು ಕೆಲಸದಿಂದ ತೆಗೆದರು. ಒಂಬತ್ತು ಗೆಲುವು ಸಾಲದು, ನಾವು ಇದಕ್ಕಿಂತ ದೊಡ್ಡವರು ಎಂಬ ಭಾವನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡದ್ದು ಅದು. ಮರುವರ್ಷ ಹೊಸ ಕೋಚ್ ಕೈಯಲ್ಲಿ 5–6, ಅಂದರೆ 1961ರ ನಂತರ ಮೊದಲ ಬಾರಿಗೆ ಗೆಲುವಿಗಿಂತ ಸೋಲೇ ಹೆಚ್ಚಾದ ಸೀಸನ್. 35 ವರ್ಷ ತಪ್ಪದೆ ಆಡಿದ್ದ ಬೌಲ್ ಪಂದ್ಯವೂ ತಪ್ಪಿತು. ಸಾಲಿಚ್ ಓಹಾಯೊ ವಿಶ್ವವಿದ್ಯಾಲಯಕ್ಕೆ ಹೋಗಿ 16 ಸೀಸನ್ ನೆಮ್ಮದಿಯಾಗಿ ದುಡಿದು 115 ಮ್ಯಾಚು ಗೆದ್ದರು. ಓಹಾಯೊ ಆಡುವ ಲೀಗಿನಲ್ಲಿ ಅದಕ್ಕೂ ಮುಂಚೆ ಅಷ್ಟು ಗೆದ್ದ ಕೋಚ್ ಯಾರೂ ಇರಲಿಲ್ಲ.

ನೀನು ಲೆಕ್ಕದ ಹುಡುಗ, ಒಂದು ಲೆಕ್ಕ ಹಾಕು. 1962ರಿಂದ 2003ರವರೆಗೆ 42 ಸೀಸನ್, ಮೂರೇ ಜನ ಕೋಚ್. 2004ರಿಂದ 2023ರವರೆಗೆ 20 ಸೀಸನ್, ಹಂಗಾಮಿಗಳನ್ನು ಬಿಟ್ಟೇ ಐದು ಜನ. ಅವರಲ್ಲಿ ಬೋ ಪೆಲೀನಿ ಏಳು ವರ್ಷವೂ ಒಂಬತ್ತೋ ಹತ್ತೋ ಗೆದ್ದರು, ಅವರೂ ಸಾಲಲಿಲ್ಲ. ಅವರನ್ನು ಕಳಿಸಿದ ಮೇಲೆ ಒಂಬತ್ತು ಗೆಲುವು ಬಂದದ್ದು ಎಷ್ಟು ಸಲ ಅಂತ ನೀನೇ ತೆಗೆದು ನೋಡು. 2017ರಿಂದ 2023ರವರೆಗೆ ಸಾಲಾಗಿ ಏಳು ವರ್ಷ ಬೌಲ್ ಪಂದ್ಯದ ಮುಖವನ್ನೇ ನೋಡಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹಾಗಂತ ಯಾರನ್ನೂ ಎಂದೂ ತೆಗೆಯಬಾರದು ಎಂದು ಹೇಳುತ್ತಿಲ್ಲ ಕಣೋ. ತಾಳ್ಮೆ ಬೇರೆ, ಕಣ್ಣುಮುಚ್ಚಿಕೊಳ್ಳುವುದು ಬೇರೆ. ಸ್ಕಾಟ್ ಫ್ರಾಸ್ಟ್ 1997ರ ಚಾಂಪಿಯನ್ ಟೀಮಿನ ಆಟ ನಡೆಸಿದ ಕ್ವಾರ್ಟರ್‌ಬ್ಯಾಕ್, ನೆಬ್ರಾಸ್ಕಾದ ಮನೆಮಗ. ಕೋಚಾಗಿ ಬಂದಾಗ ಇಡೀ ರಾಜ್ಯವೇ ಆರತಿ ಎತ್ತಿತು. 2021ರಲ್ಲಿ 3 ಗೆದ್ದು 9 ಸೋತರು. ಆ ಒಂಬತ್ತೂ ಸೋಲು ಹತ್ತು ಪಾಯಿಂಟಿನೊಳಗಿನವು. ಇನ್ನೇನು ದಡ ಸೇರಿದರು ಎಂದುಕೊಂಡು ಇನ್ನೊಂದು ವರ್ಷ ಕೊಟ್ಟರು. ಕೊಟ್ಟದ್ದು ಸರಿಯೇ. 2022ರ ಮೊದಲ ಮ್ಯಾಚು ಡಬ್ಲಿನ್ನಿನಲ್ಲಿ, ನಾರ್ತ್‌ವೆಸ್ಟರ್ನ್ ಎದುರು. 28–17ರಿಂದ ಮುಂದಿದ್ದಾರೆ. ಆಗ ಚೆಂಡನ್ನು ದೂರಕ್ಕೆ ಒದೆಯುವುದು ಬಿಟ್ಟು, ಹತ್ತಿರಕ್ಕೇ ಒದ್ದು ತಾವೇ ಹಿಡಿಯುವ ಸಾಹಸ ಮಾಡಿದರು. ಚೆಂಡು ಎದುರಾಳಿಗೆ ಸಿಕ್ಕಿತು, ಮ್ಯಾಚು 31–28ಕ್ಕೆ ಅವರದಾಯಿತು. ನಾನು ನೋಡುವುದು ಇಂಥದ್ದನ್ನೇ. ಸೋತರೋ ಗೆದ್ದರೋ ಆಮೇಲಿನ ಮಾತು. ಹೋದ ವರ್ಷದ ತಪ್ಪೇ ಈ ವರ್ಷವೂ ಆಗುತ್ತಿದೆಯೇ? ಕೊನೆಯ ಹದಿನೈದು ನಿಮಿಷ ಹುಡುಗರು ತಲೆ ನೆಟ್ಟಗಿಟ್ಟುಕೊಂಡು ಆಡುತ್ತಾರೆಯೇ? ಸೋತ ದಿನ ಕೋಚ್ ತಪ್ಪನ್ನು ತಾನು ಹೊರುತ್ತಾನೋ, ಹತ್ತೊಂಬತ್ತು ವರ್ಷದ ಹುಡುಗನ ತಲೆಗೆ ಕಟ್ಟುತ್ತಾನೋ? ಇಷ್ಟನ್ನು ಎರಡು ಸೀಸನ್ ಗಮನಿಸಿ, ಆಮೇಲೆ ತೆಗೆಯಬೇಕು ಅಂದರೆ ನಾನು ನಿನ್ನ ಮಾತಿಗೆ ಎದುರಾಡುವುದಿಲ್ಲ.

ಫ್ರಾಸ್ಟ್ ಹೋಗಬೇಕಾದ್ದು ಸರಿ, ಆದರೆ ಆತುರ ಅಲ್ಲೂ ಬಿಡಲಿಲ್ಲ. ಸೆಪ್ಟೆಂಬರ್ 11ರ ಭಾನುವಾರ ತೆಗೆದರು, ಕರಾರಿನಂತೆ ಕೊಡಬೇಕಾದ್ದು 1.5 ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅದು ಅರ್ಧಕ್ಕಿಳಿಯುತ್ತಿತ್ತು. ಇಪ್ಪತ್ತು ದಿನ! ಬೇರೆ ಕಡೆಯೂ ಇದೇ ಕಥೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಕೋಚ್ ಜಿಂಬೋ ಫಿಶರ್ ಅವರನ್ನು 2023ರಲ್ಲಿ ಕಳಿಸಿದಾಗ ಬಾಕಿ ಸುಮಾರು 7.6 ಕೋಟಿ ಡಾಲರ್ ಇತ್ತು. ಅದೂ ಭಾನುವಾರವೇ. ಪೆನ್ ಸ್ಟೇಟಿನ ಜೇಮ್ಸ್ ಫ್ರಾಂಕ್ಲಿನ್ 2025ರ ಜನವರಿಯಲ್ಲಿ ಟೀಮನ್ನು ರಾಷ್ಟ್ರೀಯ ಸೆಮಿಫೈನಲ್ಲಿಗೆ ಒಯ್ದಿದ್ದರು. ಹೊಸ ಸೀಸನ್ ಶುರುವಾದಾಗ ಟೀಮಿಗೆ ದೇಶದಲ್ಲೇ ಎರಡನೇ ಸ್ಥಾನ. ಸಾಲಾಗಿ ಮೂರು ಸೋಲು, ಅಕ್ಟೋಬರ್ 12ರ ಭಾನುವಾರ ಮನೆಗೆ. ಮುಂದಿನ ತಿಂಗಳೇ ವರ್ಜೀನಿಯಾ ಟೆಕ್ ಅವರನ್ನು ಕರೆದುಕೊಂಡಿತು. ಆ ವರ್ಜೀನಿಯಾ ಟೆಕ್‌ನ ಕಥೆಯನ್ನೂ ಕೇಳು. ಅಲ್ಲಿ ಫ್ರಾಂಕ್ ಬೀಮರ್ ಆರನೇ ವರ್ಷ, 1992ರಲ್ಲಿ, ಬರೀ ಎರಡು ಮ್ಯಾಚು ಗೆದ್ದಿದ್ದರು. ಜನ ಕೂಗಿದರೂ ಕಾಲೇಜು ಅವರನ್ನು ಉಳಿಸಿಕೊಂಡಿತು. ಮರುವರ್ಷದಿಂದ 23 ವರ್ಷ ಒಂದೂ ಬಿಡದೆ ಬೌಲ್ ಪಂದ್ಯ ಆಡಿದರು.

"ಕೋಟಿಗಟ್ಟಲೆ ಎಣಿಸಿಕೊಂಡು ಹೋಗ್ತಾರಲ್ಲ ಅಜ್ಜಿ, ಅವರ ಮೇಲೇನು ಕನಿಕರ" ಅಂತೀಯ. ದೊಡ್ಡ ಕೋಚ್ ಮೇಲೆ ನನಗೂ ಕನಿಕರವಿಲ್ಲ. ಆದರೆ ಬೆಡ್‌ಶೀಟಿನ ಮೇಲೆ ನೀನು ಬರೆಯುವುದು ಒಬ್ಬರ ಹೆಸರು, ಮನೆ ಖಾಲಿ ಮಾಡುವವರು ಹತ್ತಾರು ಜನ. ತಾತನ ಕೆಲಸದ ಮೇಲೆ ಎರಡು ವರ್ಷ ಬೇರೊಂದು ಕಾಲೇಜು ಊರಿನಲ್ಲಿದ್ದೆವು, ಹೆಸರು ಬೇಡ. ಪಕ್ಕದ ಮನೆಯವರು ಅಲ್ಲಿನ ಸಹಾಯಕ ಕೋಚ್. ಆತನಿಗಿದ್ದದ್ದು ವರ್ಷದ ಕರಾರು. ನವೆಂಬರಿನಲ್ಲಿ ದೊಡ್ಡ ಕೋಚನ್ನು ತೆಗೆದರು, ಅವರ ಜೊತೆ ಇವರೂ. ಆ ಸಂಜೆ ಗ್ಯಾರೇಜಿನಲ್ಲಿ ಆತನ ಹೆಂಡತಿ ರಟ್ಟಿನ ಡಬ್ಬಗಳಿಗೆ ಟೇಪು ಸುತ್ತುತ್ತಿದ್ದಳು. ನಾನು ಚಿತ್ರಾನ್ನ ಮಾಡಿ ಒಯ್ದಿದ್ದೆ. ಡಬ್ಬಗಳು ಹೊಸವಲ್ಲ, ಅವುಗಳ ಮೇಲೆ ಮೂರು ಬೇರೆ ಬೇರೆ ಊರಿನ ಹೆಸರು ಬರೆದು ಹೊಡೆದುಹಾಕಿತ್ತು. ಎಂಟು ವರ್ಷದ ಮಗಳು ನಾಲ್ಕನೆಯದನ್ನು ಹೊಡೆದು ಪೆನ್ನು ಹಿಡಿದು ಕೂತಿತ್ತು. "ಈಗ ಏನು ಬರೀಲಿ ಅಮ್ಮಾ" ಎಂದು ಕೇಳಿತು. ಅಮ್ಮನಿಗೂ ಉತ್ತರ ಗೊತ್ತಿರಲಿಲ್ಲ. ಆ ಮಗುವಿಗೆ ಶಾಲೆಯಲ್ಲಿ ವಾರಗಟ್ಟಲೆ "ನಿಮ್ಮಪ್ಪ ಯಾವಾಗ ಹೋಗ್ತಾರೆ" ಎಂದು ಕೇಳಿದವರು ಬೇರೆ ಯಾರೂ ಅಲ್ಲ, ನಿನ್ನಂಥ ಒಳ್ಳೆಯ ಮನೆಯ ಮಕ್ಕಳೇ.

ಆಡುವ ಹುಡುಗರನ್ನೂ ನೆನೆ. ಅವರನ್ನು ಮನೆಗೇ ಹೋಗಿ, ಅಪ್ಪ ಅಮ್ಮನ ಎದುರು ಕೂತು ಮಾತಾಡಿಸಿ ಕರೆತಂದದ್ದು ಆ ಕೋಚು. ಆ ಕೋಚ್ ಹೋದರೆ ಅರ್ಧ ಟೀಮು ಬೇರೆ ಕಾಲೇಜಿನ ದಾರಿ ಹಿಡಿಯಬಹುದು. ಹೊಸಬರು ಬಂದು ಮತ್ತೆ ಪಾಯದಿಂದ ಕಟ್ಟಬೇಕು. ಕಟ್ಟಲು ನೀನೆಷ್ಟು ದಿನ ಕೊಡುತ್ತೀಯ? ಮೊದಲ ಸೆಮಿಸ್ಟರಿನಲ್ಲಿ ಕ್ಯಾಲ್ಕುಲಸ್ಸಿನಲ್ಲಿ ನೀನು ಸಿ ತಂದಾಗ ನಿಮ್ಮಪ್ಪ ವಿಮಾನದ ಟಿಕೆಟ್ ಕಳಿಸಿದರಾ? "ಎರಡನೇ ಸೆಮಿಸ್ಟರಿಗೆ ಸರಿಮಾಡ್ಕೋತೀನಿ" ಎಂದೆ, ಮಾಡಿಕೊಂಡೆ. ನನಗೆ ಆ ಹೆಮ್ಮೆ ಇನ್ನೂ ಇದೆ.

ನಿಮ್ಮ ಸ್ಟೇಡಿಯಮ್ಮಿನಲ್ಲಿ ಒಂದು ಹಳೆಯ ಪದ್ಧತಿಯಿದೆ, ನೀನೂ ಕಂಡಿರುತ್ತೀಯ. ಮ್ಯಾಚು ಮುಗಿದು ಎದುರಾಳಿಗಳು ಒಳಗೆ ಹೋಗುವಾಗ ನೆಬ್ರಾಸ್ಕಾದ ಜನ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟುತ್ತಾರೆ. ನಮ್ಮನ್ನು ಸೋಲಿಸಿದವರಿಗೂ. ನಾನು ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬಂದಿತ್ತು. ಕೆಂಪು ಕೋಟು ತೊಟ್ಟ ಮುದುಕಿಯೊಬ್ಬರು, ಚಳಿಗೆ ಕೈಗವಸು ಹಾಕಿದ್ದರಿಂದ ಸದ್ದು ಬರುವುದಿಲ್ಲವೆಂದು, ಅದನ್ನು ಕಳಚಿ ಕಂಕುಳಲ್ಲಿಟ್ಟುಕೊಂಡು ಬರಿಗೈಯಲ್ಲಿ ತಟ್ಟುತ್ತಿದ್ದರು.

ಈ ಶನಿವಾರ ಸೋತರೆ ಅಷ್ಟು ಹೊತ್ತು ಕೂತಿರು. ಎದುರಾಳಿಗಳು ಹೋಗಲಿ, ನಿಮ್ಮ ಹುಡುಗರು ಹೋಗಲಿ, ಹಿಂದೆ ಕೋಚೂ ಹೋಗಲಿ, ಎಲ್ಲರಿಗೂ ತಟ್ಟು. ರೂಮಿಗೆ ಹೋಗಿ ಬಿಸಿಯಾಗಿ ಏನಾದರೂ ತಿನ್ನು. ಆಮೇಲೆ ಫೋನ್ ಮಾಡು, ನಾನು ಕಾಫಿ ಇಳಿಸಿಕೊಂಡು ಕೂತಿರುತ್ತೇನೆ. ಮೂರನೇ ಕ್ವಾರ್ಟರಿನಲ್ಲಿ ಏನಾಯಿತೆಂದು ಮೊದಲಿನಿಂದ ಹೇಳು.