ಮೆಣಸು ಕೊಯ್ಲಿನ ಏಣಿ ಜಾರುವುದೇಕೆ?

ಹೆತ್ತೂರು ಸುತ್ತಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸನ್ನು ಏಣಿ ಹತ್ತಿಯೇ ಕೊಯ್ಯಬೇಕು. ಇಳಿಜಾರು ನೆಲದಲ್ಲಿ ಏಣಿ ಜಾರಿದರೆ ಕೈಕಾಲು ಮುರಿಯುವುದುಂಟು, ಪ್ರಾಣಕ್ಕೇ ಅಪಾಯವಾಗುವುದೂ ಉಂಟು. ಜಾರುವ ಕಾರಣ ತಿಳಿದರೆ ಅದನ್ನು ತಡೆಯುವುದು ಕಷ್ಟವಲ್ಲ.

ನೀವು ಗೋಡೆಯನ್ನು ಒತ್ತಿದರೆ ಗೋಡೆಯೂ ನಿಮ್ಮನ್ನು ಅಷ್ಟೇ ಬಲದಿಂದ ಒತ್ತುತ್ತದೆ. ಇವೇ ಕ್ರಿಯೆ ಮತ್ತು ಪ್ರತಿಕ್ರಿಯೆ. ನ್ಯೂಟನ್ ಈ ನಿಯಮವನ್ನು ೧೬೮೭ರಲ್ಲಿ ಪ್ರಕಟಿಸಿದನು. ಬಲಗಳೆರಡೂ ಸಮನಾದರೆ ಒಂದನ್ನೊಂದು ಕಳೆದುಹಾಕುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ, ಒಂದು ಬಲ ಗೋಡೆಯ ಮೇಲೆ, ಇನ್ನೊಂದು ನಿಮ್ಮ ಮೇಲೆ ಬೀಳುತ್ತದೆ. ಗಾಡಿ ಎಳೆಯುವ ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲ ಎತ್ತನ್ನು ಮುಂದಕ್ಕೆ ಒತ್ತುತ್ತದೆ. ಕೆಸರಿನಲ್ಲಿ ಗೊರಸು ಜಾರಿದರೆ ನೆಲದ ಈ ಒತ್ತು ಸಿಗದೆ ಗಾಡಿ ನಿಲ್ಲುತ್ತದೆ.

ಏಣಿಯ ಸಂಗತಿಯೂ ಹೀಗೆಯೇ. ಅದರ ತುದಿ ಮರವನ್ನು ಒತ್ತುತ್ತದೆ. ಮರವೂ ಅಷ್ಟೇ ಬಲದಿಂದ ಏಣಿಯನ್ನು ಹೊರಕ್ಕೆ ತಳ್ಳುತ್ತದೆ. ಏಣಿಯ ಬುಡ ನೆಲವನ್ನು ಮರದಿಂದಾಚೆಗೆ ತಳ್ಳುತ್ತದೆ. ನೆಲ ಬುಡವನ್ನು ಮರದ ಕಡೆಗೆ ಒತ್ತಿ ಹಿಡಿಯುತ್ತದೆ. ಸಾಕಷ್ಟು ಒತ್ತಿ ಹಿಡಿಯಲು ನೆಲಕ್ಕೆ ಆಗದಿದ್ದರೆ ಏಣಿ ಜಾರುತ್ತದೆ.

ಒಂದು ಲೆಕ್ಕ ನೋಡಿ. ಸಮನೆಲದಲ್ಲಿ ೨೦ ಅಡಿ ಎತ್ತರಕ್ಕೆ ಒರಗಿಸಿದ ಏಣಿಯ ತುದಿಯಲ್ಲಿ ೬೦ ಕಿಲೋ ತೂಕದ ಆಳು ಇದ್ದಾನೆ ಎನ್ನಿ. ಏಣಿಯ ತೂಕ ಬಿಟ್ಟು ಲೆಕ್ಕ ಹಾಕಿದರೆ, ಬುಡ ಮರದಿಂದ ೫ ಅಡಿ ದೂರವಿದ್ದಾಗ ನೆಲವು ಸುಮಾರು ೧೫ ಕಿಲೋ ಭಾರದಷ್ಟು ಬಲದಿಂದ ಅದನ್ನು ಹಿಡಿಯಬೇಕು. ದೂರ ೧೦ ಅಡಿಯಾದರೆ ೩೦ ಕಿಲೋ. ಆಳು ಏಣಿಯ ನಡುವಿನಲ್ಲಿದ್ದಾಗ ಇದರ ಅರ್ಧ ಸಾಕು. ಆದ್ದರಿಂದಲೇ ಹತ್ತುವಾಗ ಗಟ್ಟಿಯಾಗಿದ್ದ ಏಣಿ ಮೇಲೇರಿದಂತೆ ಜಾರುವುದುಂಟು.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

೧. ಬುಡವು ಮರದಿಂದ, ಏಣಿ ಒರಗಿದ ಎತ್ತರದ ಕಾಲುಭಾಗದಷ್ಟು ದೂರದಲ್ಲಿರಲಿ.

೨. ತರಗೆಲೆ, ಪಾಚಿ ಕೆರೆದು ಗಟ್ಟಿ ಮಣ್ಣಿನಲ್ಲಿ ಚಿಕ್ಕ ಗುಳಿ ತೋಡಿ ಬುಡ ಇಡಿ. ಗುಳಿಯ ಅಂಚೇ ಬುಡವನ್ನು ತಡೆದು ಹಿಡಿಯುತ್ತದೆ.

೩. ಇಳಿಜಾರಿನಲ್ಲಿ ಸಾಧ್ಯವಾದಷ್ಟೂ ಮರದ ಮೇಲ್ಮಗ್ಗುಲಿಗೆ ಏಣಿ ನಿಲ್ಲಿಸಿ. ಆಗ ಬುಡ ಜಾರಬೇಕಾದರೆ ಏರು ಹತ್ತಿಯೇ ಜಾರಬೇಕು. ಕೆಳಮಗ್ಗುಲಿನಲ್ಲಿ ಇಳಿಜಾರೇ ಅದನ್ನು ಎಳೆಯುತ್ತದೆ.

೪. ಮೊದಲು ಹತ್ತುವಾಗ ಇನ್ನೊಬ್ಬರು ಬುಡ ಹಿಡಿದಿರಲಿ. ತುದಿಯನ್ನು ಹಗ್ಗದಿಂದ ಮರಕ್ಕೆ ಕಟ್ಟಿದ ಮೇಲೆಯೇ ಕೊಯ್ಲಿಗೆ ಕೈಹಾಕಬೇಕು.

ಏಣಿಯನ್ನು ಮರಕ್ಕೆ ಮರಕ್ಕೆ ಬದಲಿಸಿದಾಗಲೆಲ್ಲ ನೆಲವೂ ಬದಲಾಗುತ್ತದೆ. ಪ್ರತಿ ಸಲವೂ ಬುಡವನ್ನು ನೋಡಿಯೇ ಹತ್ತಿರಿ, ಹತ್ತಿಸಿರಿ.